ತವರಿನ ಎಳನೀರು

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಬಸ್ಸಿನಿಂದ ಇಳಿದವರು ಮೊದಲು ಹಣ್ಣಿನ ಗಾಡಿಯ ಮುಂದೆ ನಿಲ್ಲುತ್ತಾರೆ. ಮೋಸಂಬಿ, ದ್ರಾಕ್ಷಿ, ಒಂದು ಚಿಪ್ಪು ಬಾಳೆಹಣ್ಣು. ಬೇಕರಿಯಿಂದ ಒಂದು ಬ್ರೆಡ್ಡು. ಸ್ವಲ್ಪ ಅನುಕೂಲಸ್ಥರಾದರೆ ಹಾಲಿಗೆ ಬೆರೆಸುವ ಮಾಲ್ಟ್ ಪುಡಿಯ ಡಬ್ಬಿ. ಹಳ್ಳಿಯಿಂದ ಬರುವವರು ಅಂಗಡಿಗೆ ಹೋಗುವುದಿಲ್ಲ, ಗೋಣಿಚೀಲದಲ್ಲಿ ಎಳನೀರು ತರುತ್ತಾರೆ.

ನನ್ನ ತಂಗಿಯ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿವೆ ಎಂದು ಹಾಸನದ ಆಸ್ಪತ್ರೆಯಲ್ಲಿ ಹೇಳಿದ ಮೇಲೆ, ಹೊಳೆನರಸೀಪುರದ ಅವಳ ಮನೆಗೆ ಬಂದವರೆಲ್ಲ ಇವನ್ನೇ ತಂದರು. ಅವಳು ತಿನ್ನಬಾರದು ಎಂದು ಡಾಕ್ಟರು ಹೇಳಿದ್ದೂ ಇವನ್ನೇ.

"ನೋಡಕ್ಕ, ನಾನು ಕೆಲ್ಸ ಬುಟ್ರೂ ಯೋಚ್ನೆ ಇಲ್ಲ. ಮನೆ ಮುಂದೆ ಒಂದು ಹಣ್ಣಿನಂಗಡಿ ಇಟ್ಕಂಡ್ರೆ ಆಯ್ತು" ಎಂದು ನಗುತ್ತಿದ್ದಳು. ಬಂದವರ ಎದುರಿಗೆ ಮಾತ್ರ ಚೀಲವನ್ನು ಎರಡೂ ಕೈಯಿಂದ ತೆಗೆದುಕೊಂಡು, "ಅಯ್ಯೋ, ಇದನ್ನೆಲ್ಲ ಯಾಕ್ ತರಕ್ಕೋದ್ರಿ" ಎನ್ನುವಳು. ಅವರು ಹೊರಟ ಮೇಲೆ ಹಣ್ಣು ಮಗಳಿಗೆ, ಬ್ರೆಡ್ಡು ಪಕ್ಕದ ಮನೆಗೆ. ಮಾಲ್ಟ್ ಡಬ್ಬಿಗಳನ್ನು ಷೋಕೇಸಿನಲ್ಲಿ ಸಾಲಾಗಿ ಜೋಡಿಸಿದ್ದಳು. ತನಗೆ ಇದು ಆಗುವುದಿಲ್ಲ ಎಂದು ಬಂದ ಒಬ್ಬರಿಗೂ ಹೇಳಲಿಲ್ಲ. ಯಾಕೆ ಹೇಳುವುದಿಲ್ಲ ಎಂದು ನಾನು ಒಮ್ಮೆ ಕೇಳಿದೆ.

"ಪ್ರೀತಿಯಿಂದ ತಂದಿರ್ತಾರೆ ಕಣಕ್ಕ. ಇದು ನನಗೆ ವಿಷ ಅಂತ ಹೆಂಗೆ ಯೋಳ್ಲಿ ಅವ್ರ ಮುಖ ನೋಡ್ಕಂಡು?"

ಆ ಮಾತು ಈಗ ನನ್ನ ಕಿವಿಯಲ್ಲಿ ಉಳಿದುಕೊಂಡಿದೆ. ಆಗ ಅದು ಅವಳ ಎಂದಿನ ಮಾತುಗಳಲ್ಲಿ ಒಂದು, ಅಷ್ಟೆ.

ನಾನು ಅರಕಲಗೂಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ತವರು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಅಲ್ಲಿ ಅವ್ವ ನಮ್ಮಣ್ಣನ ಸಂಸಾರದ ಜೊತೆ ಇದ್ದಾಳೆ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಅಕ್ಕ ಓದಿನಲ್ಲಿ ಮುಂದೆ, ತಂಗಿ ಹಿಂದೆ ಎಂದು ಮನೆಯಲ್ಲಿ ಮೊದಲಿನಿಂದಲೂ ಒಂದು ಮಾತಿತ್ತು. ತಂಗಿ ಪಿಯುಸಿಯಲ್ಲಿ ಗಣಿತಕ್ಕೆ ಫೇಲಾದಳು, ಮತ್ತೆ ಪರೀಕ್ಷೆಗೆ ಕೂರಲಿಲ್ಲ. "ಮನೇಗೊಬ್ಳು ಟೀಚರಮ್ಮ ಸಾಕು. ಇಬ್ರಾದ್ರೆ ಉಣ್ಣೋವಾಗ್ಲೂ ಪಾಠ ಕೇಳ್ಬೇಕಾಯ್ತದೆ" ಎಂದಳು. ಅಪ್ಪನೂ ನಕ್ಕುಬಿಟ್ಟ. ಹಾಗೆ ಅವಳ ಓದು ಒಂದು ನಗುವಿನಲ್ಲಿ ಮುಗಿಯಿತು.

ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಳು. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ, ಭತ್ತದ ಮೂಟೆ, ತೆಂಗಿನಕಾಯಿ, ಮದುವೆ ಮನೆಯ ಪಾತ್ರೆ, ಸಿಕ್ಕಿದ್ದನ್ನು. ಮಗಳು ಶಾಲೆಗೆ ಸೇರಿದ ಮೇಲೆ ತಂಗಿ ಹಾಸನದ ಹೊರವಲಯದ ಒಂದು ಗಾರ್ಮೆಂಟ್ಸಿಗೆ ಕೆಲಸಕ್ಕೆ ಹೋದಳು. ಹೊತ್ತು ಮೂಡುವಾಗ ಕಂಪನಿಯ ಬಸ್ಸು ಬರುತ್ತಿತ್ತು. ಅವಳದು ಚೆಕಿಂಗ್ ಕೆಲಸ. ಹೊಲಿದು ಬಂದ ಷರಟುಗಳ ಕಾಲರು, ಗುಂಡಿ, ಕಾಜಾ ನೋಡಿ, ಉಳಿದ ದಾರದ ತುದಿಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸುವುದು. ದಿನವಿಡೀ ನಿಂತು ಮಾಡುವ ಕೆಲಸ. ನನ್ನ ಮನೆಗೆ ಬಂದಾಗಲೂ ನನ್ನ ಗಂಡನ ಷರಟಿನಲ್ಲಿ ದಾರ ಕಂಡರೆ ಹಿಡಿದು ಎಳೆಯುತ್ತಿದ್ದಳು. "ಭಾವ, ನಮ್ಮ ಲೈನಲ್ಲಿ ಆಗಿದ್ರೆ ನೀವು ರಿಜೆಕ್ಟು" ಎನ್ನುತ್ತಿದ್ದಳು.

ಕೆಲಸದ ಹೊತ್ತಿನಲ್ಲಿ ಅವಳು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಪದೇಪದೇ ಹೊರಗೆ ಎದ್ದು ಹೋಗಬೇಕು, ಮೇಜಿನ ಮೇಲೆ ಬಟ್ಟೆ ಗುಡ್ಡೆ ಬೀಳುತ್ತದೆ. ತಂದ ಬಾಟಲಿ ತುಂಬಿದ ಹಾಗೇ ಮನೆಗೆ ವಾಪಸು ಬರುತ್ತಿತ್ತು. ಸಂಜೆ ಸೊಂಟ ನೋಯುತ್ತಿತ್ತು, ತಲೆ ಸಿಡಿಯುತ್ತಿತ್ತು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಅವಳೊಬ್ಬಳೇ ಅಲ್ಲ, ಆ ಬಸ್ಸಿನ ಹೆಂಗಸರ ಕೈಚೀಲಗಳಲ್ಲಿ ಊಟದ ಡಬ್ಬಿಯ ಪಕ್ಕ ಆ ಮಾತ್ರೆ ಇರುತ್ತಿತ್ತು. ಕುಂಕುಮದ ಭರಣಿಯಂತೆ ಅದೂ ಒಂದು ದಿನಬಳಕೆಯ ವಸ್ತು. ಕಾಯಿಲೆ ಇದರಿಂದಲೇ ಬಂತು ಎಂದು ಯಾವ ಡಾಕ್ಟರೂ ನಮಗೆ ಹೇಳಲಿಲ್ಲ. ಇರಬಹುದು ಎಂದರು. ಬಿ.ಪಿ. ಇತ್ತು, ಗೊತ್ತಾಗುವುದು ತಡವಾಯಿತು, ಅದೂ ಇರಬಹುದು ಎಂದರು. ನಾನೂ ಅಷ್ಟೇ ಬರೆಯುತ್ತೇನೆ.

ಅವಳಿಗೆ ಹೊಸ ಸಾಮಾನು ಕೊಳ್ಳುವ ಆಸೆ. ಮಿಕ್ಸಿ, ವಾಷಿಂಗ್ ಮಷೀನು ಎಲ್ಲದರ ಮೇಲೂ ಕಂಪನಿಯ ಚೀಟಿ ಹಾಗೇ ಇರುತ್ತಿತ್ತು, ಕೀಳಲು ಬಿಡುತ್ತಿರಲಿಲ್ಲ. ಅವಳು ಕೊನೆಗೆ ಕೊಂಡದ್ದು ನೀರಿನ ಫಿಲ್ಟರು. ಬೋರ್‌ವೆಲ್ ನೀರಿನಿಂದ ಕಿಡ್ನಿ ಕೆಡುತ್ತದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಮಗಳಿಗೆ ಹಾಗಾಗಬಾರದು ಎಂದು ಅಡುಗೆಮನೆಯ ಗೋಡೆಗೆ ಹಾಕಿಸಿದಳು. ನೀಲಿ ದೀಪ ಹತ್ತಿ, ಸಣ್ಣಗೆ ಗುಂಯ್ ಎಂದು ಅದು ತುಂಬಿಕೊಳ್ಳುತ್ತಿತ್ತು. ಸ್ವಲ್ಪ ಕಾಲದಲ್ಲೇ ಅವಳ ಕಾಯಿಲೆ ಹೊರಬಿತ್ತು. ಆಮೇಲೆ ಆ ಮನೆಯಲ್ಲಿ ನೀರು ಅಳೆದು ಕುಡಿಯಬೇಕಾದವಳು ಅವಳೊಬ್ಬಳೇ.

ವಾರಕ್ಕೆ ಎರಡು ಸಲ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಿತ್ತು. ಕೆಡುವ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ತೊಳೆದು, ಮತ್ತೆ ಮೈಗೆ ಬಿಡುವುದು. "ನಮ್ಮೆಜಮಾನ್ರ ಗಾಡಿಗೆ ವರ್ಷಕ್ಕೊಂದು ಸರ್ವೀಸು, ನನಗೆ ವಾರಕ್ಕೆರಡು. ಯಾವ್ದು ಹಳೇ ಗಾಡಿ ನೀವೇ ಯೋಳಿ" ಎಂದು ನರ್ಸುಗಳನ್ನು ನಗಿಸುತ್ತಿದ್ದಳಂತೆ. ಮಗಳು ಹಾಸನದಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದಳು. ಕಾಲೇಜು ಬಿಟ್ಟ ಮೇಲೆ ಬಂದು ತಾಯಿಯ ಮಂಚದ ಪಕ್ಕ ಪುಸ್ತಕ ತೆಗೆದು ಕೂರುತ್ತಿದ್ದಳು. ಮುಗಿದ ಮೇಲೆ ಇಬ್ಬರೂ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದರು. ತಂಗಿಗೆ ದಾರಿಯುದ್ದಕ್ಕೂ ಹೊಟ್ಟೆ ತೊಳಸುತ್ತಿತ್ತು. ಮಗಳ ಹೆಗಲಿಗೆ ತಲೆ ಕೊಟ್ಟು ಕಣ್ಣುಮುಚ್ಚಿಕೊಂಡು, "ಮೊಸಳೆ ಬಂತಾ ಮಗಾ?" ಎಂದು ಕೇಳುತ್ತಿದ್ದಳಂತೆ. ಮೊಸಳೆ ದಾರಿಯಲ್ಲಿ ಸಿಗುವ ಒಂದು ಊರು, ಅದು ದಾಟಿದರೆ ಮನೆ ಬಂದ ಹಾಗೆ ಎಂದು ಅವಳ ಲೆಕ್ಕ.

ಭಾನುವಾರ ನಾನು ಹೋಗಿ ಅಡುಗೆ ಮಾಡುತ್ತಿದ್ದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ಬೇಯಿಸಿ, ಬೆಂದ ನೀರನ್ನೆಲ್ಲ ಬಸಿದು ಚೆಲ್ಲಬೇಕು. ಸೊಪ್ಪಿಲ್ಲ, ಕಾಳಿಲ್ಲ, ಉಪ್ಪು ಹೆಸರಿಗೆ. ತೆಂಗಿನಕಾಯಿ ರುಬ್ಬಿ ಹಾಕುವಂತಿಲ್ಲ. ಕಾಯಿ ಹಾಕದ ಸಾರನ್ನು ನಮ್ಮ ಮನೆಯಲ್ಲಿ ಯಾರೂ ಸಾರು ಎಂದು ಕರೆದವರಲ್ಲ. ಅವಳು ತಟ್ಟೆ ನೋಡಿ, "ಅಕ್ಕ, ಇದು ತರಕಾರಿನಾ, ತರಕಾರಿಯ ಹೆಣಾನಾ?" ಎನ್ನುವಳು. ಆಮೇಲೆ ಅಷ್ಟನ್ನೂ ತಿನ್ನುವಳು.

ಅವಳನ್ನು ನಿಜವಾಗಿ ಸೋಲಿಸಿದ್ದು ಬಾಯಾರಿಕೆ. ಒಂದು ಸಣ್ಣ ಸ್ಟೀಲ್ ಲೋಟ ಅವಳ ಅಳತೆ. ಮಂಜುಗಡ್ಡೆಯ ಚೂರು ಬಾಯಲ್ಲಿಟ್ಟುಕೊಂಡು ಚೀಪುವಳು. ಬಾಯಿ ಮುಕ್ಕಳಿಸಿ ಉಗಿಯುವಳು. ಫಿಲ್ಟರು ಗುಂಯ್ ಎಂದಾಗ ಅಡುಗೆಮನೆಯ ಕಡೆ ತಿರುಗಿ ನೋಡುವಳು. ನಾವು ನೀರು ಕುಡಿಯಬೇಕಾದರೆ ಹಿತ್ತಲಿಗೆ ಹೋಗಿ ಕುಡಿದು ಬರುತ್ತಿದ್ದೆವು. ಅದು ಅವಳಿಗೆ ಗೊತ್ತಿತ್ತು.

ಅವ್ವನಿಗೆ ಪಥ್ಯವನ್ನು ವಿವರಿಸಿದವಳು ನಾನು. ನೀರು ಕಡಿಮೆ ಎಂಬುದು ಅವಳಿಗೆ ಕೂಡಲೇ ಅರ್ಥವಾಯಿತು. ಎಳನೀರು ಕೂಡದು ಎಂದಾಗ ನನ್ನ ಮುಖವನ್ನೇ ನೋಡಿದಳು.

"ಅದ್ಯಾಕವ್ವ? ನಿಮ್ಮಪ್ಪಂಗೆ ಕಿಡ್ನೀಲಿ ಕಲ್ಲಾದಾಗ ಡಾಕ್ಟ್ರೇ ಬರ್ಕೊಟ್ಟಿದ್ರು. ದಿನಾ ಎಳ್ನೀರು ಕುಡ್ಸಿ ಅಂತ. ಕುಡ್ದು ವಾಸಿ ಆಗ್ಲಿಲ್ವಾ?"

"ಅದು ಕಲ್ಲು ಕಣವ್ವ. ಇದು ಬೇರೆ. ಎಳ್ನೀರಲ್ಲಿ ಪೊಟ್ಯಾಸಿಯಂ ಅಂತ ಒಂದು ಥರದ ಉಪ್ಪು ಇರ್ತದೆ. ಕಿಡ್ನಿ ಸರಿಯಿದ್ರೆ ಹೊರಗೆ ಹಾಕ್ತದೆ. ಇವಳ ಮೈಲಿ ಅದು ಉಳ್ಕಂಡ್ರೆ ಎದೆಗೆ ತೊಂದರೆ. ಎದೆ ನಿಂತೇ ಹೋಗಬೋದು."

"ಎಳ್ನೀರ್ನಾಗೆ ಉಪ್ಪೆಲ್ಲಿಂದ ಬಂತು? ಸಿಹಿ ಕಣೆ ಅದು."

ಪಕ್ಕದಲ್ಲಿ ಕೂತಿದ್ದ ತಂಗಿ ನಗಲು ಶುರುಮಾಡಿದಳು. ನಾನೂ ನಕ್ಕೆ. ಮತ್ತೆ ಮೊದಲಿನಿಂದ ಹೇಳಿದೆ. ಕೊನೆಗೆ ಅವ್ವ, "ಆಯ್ತು ಬುಡು, ಪಥ್ಯ ಅಂದ್ಮೇಲೆ ಪಥ್ಯ" ಎಂದಳು.

ಅವಳು ಮಾತಿಗೆ ತಪ್ಪುವವಳಲ್ಲ. ಆದರೆ ಅವಳ ಲೋಕದಲ್ಲಿ ಪಥ್ಯಕ್ಕೊಂದು ನಡೆ ಇದೆ. ಬಾಣಂತಿಗೆ ಪಥ್ಯ, ನಾಟಿ ಔಷಧಿ ಕುಡಿದವರಿಗೆ ಪಥ್ಯ, ಕಾಮಾಲೆಯವರಿಗೆ ಪಥ್ಯ. ಪಥ್ಯವೆಂದರೆ ಹಿಡಿಯುವುದು, ಹಿಡಿದು ಬಿಡುವುದು. ಹಬ್ಬದ ದಿನ ತವರಿನವರು ಕೊಟ್ಟದ್ದನ್ನು ಯಾವ ಪಥ್ಯದ ಹೆಸರಿನಲ್ಲೂ ಬೇಡ ಎನ್ನುವಂತಿಲ್ಲ. ಎಂದಿಗೂ ಬಿಡಲಾಗದ ಪಥ್ಯ ಅವಳು ಕಂಡದ್ದರಲ್ಲಿ ಇರಲಿಲ್ಲ.

ಗೌರಿ ಹಬ್ಬ ಬಂತು. ಹೆಣ್ಣುಮಕ್ಕಳಿಗೆ ತವರಿನಿಂದ ಮೊರದ ಬಾಗಿನ ಬರುವ ಹಬ್ಬ. ಈಗೀಗ ಅಣ್ಣತಮ್ಮಂದಿರು ಅರಿಶಿನ ಕುಂಕುಮಕ್ಕೆಂದು ಫೋನಿನಲ್ಲೇ ಹಣ ಹಾಕಿಬಿಡುತ್ತಾರೆ. ನಮ್ಮಣ್ಣನೂ ಇಬ್ಬರಿಗೂ ಹಾಕಿದ್ದ. ಅವ್ವ ಒಪ್ಪಲಿಲ್ಲ. "ಫೋನ್ನಾಗೆ ಬಳೆ ಬತ್ತದಾ? ಈ ಸತಿ ನಾನೇ ಓಯ್ತೀನಿ, ಕೂಸು ಸೊರಗೋಗದೆ" ಎಂದು ಚನ್ನರಾಯಪಟ್ಟಣಕ್ಕೆ ಬಂದು, ಅಲ್ಲಿಂದ ಹೊಳೆನರಸೀಪುರದ ಬಸ್ಸು ಹತ್ತಿದಳು. ಒಂದು ಚೀಲದಲ್ಲಿ ಮೊರ, ಹಸಿರು ಬಳೆ, ರವಿಕೆ ಕಣ. ಇನ್ನೊಂದರಲ್ಲಿ ಬಚ್ಚಲ ಮರದ ಎಳನೀರು.

ಬಚ್ಚಲ ಮರವೆಂದರೆ ನಮ್ಮ ಮನೆಯ ಬಚ್ಚಲ ನೀರು ಹರಿದು ಹೋಗುವ ಕಡೆ ಅವ್ವ ನೆಟ್ಟ ತೆಂಗು. ನಮ್ಮೆಲ್ಲರ ಸ್ನಾನದ ನೀರು ಕುಡಿದು ಬೆಳೆದದ್ದು. ಅದರ ಎಳನೀರಿನ ಸಿಹಿ ತೋಟದ ಯಾವ ಮರದ್ದಕ್ಕೂ ಇಲ್ಲ ಎಂದು ತಂಗಿಯ ವಾದ. ಚಿಕ್ಕವಳಿದ್ದಾಗ ಅದು ತನ್ನದೇ ಮರ ಎಂದು ನನ್ನ ಜೊತೆ ಜಗಳವಾಡುತ್ತಿದ್ದಳು.

ಹಬ್ಬದ ದಿನವೇ ಅವಳ ಡಯಾಲಿಸಿಸ್ ಸರದಿ ಇತ್ತು. ಅವಳು ಆಸ್ಪತ್ರೆಗೆ ಫೋನ್ ಮಾಡಿ ಗೌರಿ, ಗಣೇಶ ಎರಡೂ ಮುಗಿಸಿ ಬರುತ್ತೇನೆ ಎಂದಳಂತೆ. ತಪ್ಪಿಸಬೇಡಿ, ಬಂದು ಹೋಗಿ ಎಂದು ಅಲ್ಲಿನವರು ಗದರಿದರಂತೆ. ಗಂಡನೂ ಹೇಳಿದ. "ಅವ್ವ ಬತ್ತಾಳೆ, ನಾನು ಮಂಚದ ಮೇಲೆ ಮಲಗಿ ಬಾಗಿನ ಇಸ್ಕಳಾ?" ಎಂದು ಕೇಳಿದಳಂತೆ. ಇವು ನನಗೆ ಆಮೇಲೆ ತಿಳಿದದ್ದು. ಆ ದಿನ ನಾನು ಅರಕಲಗೂಡಿನ ನನ್ನ ಮನೆಯಲ್ಲಿ ಪೂಜೆಯಲ್ಲಿದ್ದೆ. ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

"ಅವ್ವ ಬಂದವ್ಳೆ ಕಣಕ್ಕ. ಕೈ ತುಂಬ ಬಳೆ ತೊಡ್ಸವ್ಳೆ. ನಿನಗಿಂತ ಎರಡು ಜಾಸ್ತಿ, ಹೊಟ್ಟೆ ಉರ್ಕೊ" ಎಂದಳು. ಬಹಳ ದಿನಗಳ ಮೇಲೆ ಅವಳ ಗಂಟಲು ಒಣಗಿರಲಿಲ್ಲ. ನನಗೆ ಅದು ಕೇಳಿಸಿತು. ಹಬ್ಬದ ಸಂತೋಷವೆಂದುಕೊಂಡೆ.

ಮರುದಿನ ಬೆಳಗ್ಗೆ ಗಣಪತಿಗೆ ಗರಿಕೆ ಆರಿಸುತ್ತಿದ್ದೆ. ತಂಗಿಯ ಮಗಳ ಫೋನು ಬಂತು. "ದೊಡ್ಡಮ್ಮ, ಅಮ್ಮಂಗೆ ಕಾಲಲ್ಲಿ ಶಕ್ತಿನೇ ಇಲ್ಲ, ಎದೆ ಒಂಥರಾ ಆಗ್ತಿದೆ ಅಂತಾಳೆ. ಅಪ್ಪನ ಗಾಡೀಲೇ ಹಾಸನಕ್ಕೆ ಹೊರಟಿದೀವಿ." ನಾನು ಉಟ್ಟ ಸೀರೆಯಲ್ಲೇ ಹೊರಟೆ. ಆಸ್ಪತ್ರೆ ಸೇರಿದಾಗ ಗೂಡ್ಸ್ ಆಟೋ ಬಾಗಿಲ ಮುಂದೆಯೇ ನಿಂತಿತ್ತು. ಹಿಂದಿನ ತೊಟ್ಟಿಯಲ್ಲಿ ಹಾಸಿಗೆ, ದಿಂಬು. ದಿಂಬಿನ ಪಕ್ಕ ಒಂದು ಹಸಿರು ಬಳೆಯ ಚೂರು.

ಮೊಸಳೆ ದಾಟುವಾಗಲೇ ಅವಳ ಜೀವ ಹೋಗಿತ್ತು. ಮನೆ ಹತ್ತಿರ ಬಂತೆಂದು ಕೇಳಿ ತಿಳಿದುಕೊಳ್ಳುತ್ತಿದ್ದ ಜಾಗ, ಈ ಸಲ ಎದುರು ದಿಕ್ಕಿನಿಂದ.

ಡಾಕ್ಟರು ಸಣ್ಣ ವಯಸ್ಸಿನವರು. ನಮ್ಮನ್ನು ಕೂರಿಸಿ ಮಾತಾಡಿದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತಿರಬೇಕು ಎಂದರು. "ನಿನ್ನೆ ಏನು ತಿಂದರು, ಏನು ಕುಡಿದರು?" ಎಂದು ಕೇಳಿದರು.

"ಅಬ್ಬದೂಟ ಒಸಿ ಉಂಡ್ಲು ಸಾ. ಜಾಸ್ತಿ ಏನಿಲ್ಲ" ಎಂದ ತಂಗಿಯ ಗಂಡ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಮಗಳು ನನ್ನ ಕಡೆ ನೋಡಿದಳು. ನೋಡಿ, ಮುಖ ತಿರುಗಿಸಿದಳು.

ಹೊಳೆಯ ಕಡೆಯ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದ ಸಂಜೆ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಂಗಿಯ ಮಗಳು ನನಗೆ ಹೇಳಿದಳು. ಹೇಳಿದಷ್ಟನ್ನೇ ಬರೆಯುತ್ತೇನೆ.

ಗೌರಿಯ ದಿನ ಬಾಗಿನ ಕೊಟ್ಟಾದ ಮೇಲೆ ಅವಳ ಅಪ್ಪ ಗಾಡಿ ತೆಗೆದುಕೊಂಡು ಹೋಗಿದ್ದ. ಅವಳು ಒಳಗೆ ಪಾತ್ರೆ ಎತ್ತಿಡುತ್ತಿದ್ದಳು. ಹಿತ್ತಲಿನಲ್ಲಿ ಮಚ್ಚಿನ ಸದ್ದು ಕೇಳಿತು. ಬಂದು ನೋಡಿದರೆ ಅಜ್ಜಿ ಎಳನೀರು ಕೊಚ್ಚುತ್ತಿದ್ದಾಳೆ. ಒಂದು ಬುರುಡೆ ಆಗಲೇ ಖಾಲಿಯಾಗಿ ಬಿದ್ದಿದೆ. ಅಮ್ಮ ಇದೇ ಕಲ್ಲಿನ ಮೇಲೆ ಕೂತು ಎರಡೂ ಕೈ ಚಾಚಿ, "ಇನ್ನೊಂದು ಕೊಡವ್ವ, ಇನ್ನೊಂದೇ ಒಂದು" ಎನ್ನುತ್ತಿದ್ದಾಳೆ. ಎತ್ತಿ ಕುಡಿದಳು. ಕತ್ತಿನಿಂದ ಇಳಿದು ರವಿಕೆಯೆಲ್ಲ ನೆನೆಯಿತು. "ಹೋದ ಜೀವ ಬಂದಂಗಾಯ್ತು ಕಣವ್ವ" ಎಂದಳು. ಮಗಳನ್ನು ಕಂಡವಳು ಬಾಯಿಯ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸಿದಳು.

"ಕಿತ್ಕೊಬೇಕಿತ್ತು ದೊಡ್ಡಮ್ಮ. ನನಗೆ ಗೊತ್ತಿತ್ತು. ಅವಳು ಅಷ್ಟು ಖುಷಿಯಾಗಿದ್ಲು, ಅದಕ್ಕೆ ಸುಮ್ನಿದ್ದೆ." ಆಮೇಲೆ ಹೇಳಿದಳು, "ಅಜ್ಜಿ ಸಾಯ್ಸಿದ್ಲು. ಅಜ್ಜಿಗೆ ಅದು ಗೊತ್ತಾಗ್ಬೇಕು."

ಎಳನೀರೇ ಕೊಂದಿತು ಎಂದು ನಾನು ಹೇಳಲಾರೆ. ಸರದಿ ತಪ್ಪಿತ್ತು. ಹಬ್ಬದ ಊಟವಿತ್ತು. ಹಿಂದಿನ ವಾರಗಳ ನಿತ್ರಾಣವಿತ್ತು. ಯಾವುದರ ಪಾಲು ಎಷ್ಟು ಎಂದು ಡಾಕ್ಟರೂ ಹೇಳಲಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಸೈನ್ಸ್ ಓದುವ ಹುಡುಗಿ. ಎಳನೀರಿಗೆ ಪಾಲೇ ಇರಲಿಲ್ಲ ಎಂದು ಮಾತ್ರ ನಾನು ಹೇಳಲಿಲ್ಲವೆಂಬುದು ಅವಳಿಗೆ ಗೊತ್ತಾಯಿತು.

ಅವ್ವ ಆ ಮನೆಯಲ್ಲೇ ಉಳಿದಳು. ಸಾವಿಗೆ ಬಂದವರೆಲ್ಲ ಅವಳ ಪಕ್ಕ ಚಾಪೆಯ ಮೇಲೆ ಕೂರುತ್ತಿದ್ದರು. ಬಂದ ಪ್ರತಿಯೊಬ್ಬರಿಗೂ ಅವಳು ಅದೇ ಮಾತು ಹೇಳುತ್ತಿದ್ದಳು.

"ನನ್ನ ಕೂಸು ಬಾಯಾರ್ಕಂಡು ಓಗ್ಲಿಲ್ಲ ಕಣವ್ವ. ಒಂದು ಗುಟುಕು ನೀರ್ಗೆ ಎಂಗೆ ಬಾಯಿ ಬುಡ್ತಿತ್ತು. ಆವತ್ತು ಬಚ್ಚಲ ಮರದ ಎಳ್ನೀರು ನನ್ನ ಕೈಯಾರ ಕೊಚ್ಚಿ ಕೊಟ್ಟೆ. ಕೇಳಿ ಇಸ್ಕಂಡು ಒಟ್ಟೆ ತುಂಬ ಕುಡೀತು. ಅದೊಂದು ಪುಣ್ಯ ನನಗೆ ಸಿಕ್ತು."

ಹೇಳುವಾಗ ಅವಳ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. ಅತ್ತು ಬತ್ತಿದ ಮುಖಕ್ಕೆ ಒಂದು ಗಳಿಗೆ ಕಳೆ ಬರುತ್ತಿತ್ತು. ಮಗಳನ್ನು ಕಳೆದುಕೊಂಡ ಆ ಮುದುಕಿಯ ಕೈಯಲ್ಲಿ ಉಳಿದಿದ್ದದ್ದು ಅದೊಂದೇ. ತಂಗಿಯ ಗಂಡ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದ, ಪಥ್ಯದ ಲೆಕ್ಕವನ್ನು ಹೆಂಗಸರಿಗೆ ಬಿಟ್ಟಿದ್ದವನಿಗೆ ಎಳನೀರಿನ ವಿಷಯ ಹೊಳೆಯಲೇ ಇಲ್ಲ. ಹುಡುಗಿ ಮಾತ್ರ ಆ ಮಾತು ಶುರುವಾದ ಕೂಡಲೇ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅಜ್ಜಿ ತಲೆ ಬಾಚಲು ಕರೆದರೆ ಬರಲಿಲ್ಲ. ಅಜ್ಜಿ ಕಲಸಿಕೊಟ್ಟ ಅನ್ನ ಮುಟ್ಟಲಿಲ್ಲ.

"ಯಾಕವ್ವ ಈ ಮಗ ನನ್ನ ಕೂಟೆ ಮಾತಾಡಾಕಿಲ್ಲ?" ಎಂದು ಅವ್ವ ನನ್ನನ್ನು ಕೇಳಿದಳು.

"ದುಃಖ ಕಣವ್ವ" ಎಂದೆ.

ಅವ್ವನಿಗೆ ಹೇಳಬೇಕೇ? ಹೇಳಿದರೆ ಆ ಒಂದು ಪುಣ್ಯವೇ ಅವಳ ಪಾಪವಾಗುತ್ತದೆ. ಸಾಯುವತನಕ ಅವಳು ಬೇರೆ ಏನನ್ನೂ ಯೋಚಿಸಲಾರಳು. ಹೇಳದಿದ್ದರೆ ಹುಡುಗಿ ಅದನ್ನು ಒಬ್ಬಳೇ ಹೊರಬೇಕು, ಅಜ್ಜಿಯನ್ನು ದ್ವೇಷಿಸುತ್ತಾ ಬೆಳೆಯಬೇಕು. ಮಕ್ಕಳಿಗೆ ನಿಜ ತಿಳಿಸುವುದೇ ನನ್ನ ಸಂಬಳದ ಕೆಲಸ. ಆ ದಿನಗಳಲ್ಲಿ ನಿಜ ಗೊತ್ತಿದ್ದ ನಾವಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಓಡಾಡಿದೆವು. ಯಾರಾದರೂ ಒಂದು ಮಾತು ಜಾಸ್ತಿ ಆಡಿದರೆ ಹುಡುಗಿ ಒದರಿಬಿಡುತ್ತಾಳೆ ಎಂದು ನನಗೆ ಖಚಿತವಾಗಿತ್ತು. ನಾನು ಅವಳಿಗೆ ಹೇಳಬೇಡ ಎನ್ನಲಿಲ್ಲ. ಅದನ್ನು ಹೇಳುವ ಹಕ್ಕು ನನಗಿಂತ ಅವಳಿಗೆ ಹೆಚ್ಚು ಅನ್ನಿಸುತ್ತಿತ್ತು.

ತಿಥಿಯ ದಿನ ಬಂತು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಯ ಮೇಲೆ ಎಡೆ ಇಡುವುದು ನಮ್ಮ ಪದ್ಧತಿ. ಒಬ್ಬಟ್ಟು, ಕಾಯಿಹಾಲು, ಹುಳಿಸೊಪ್ಪು, ಆಲೂಗಡ್ಡೆ ಬೋಂಡ, ಮೋಸಂಬಿ, ದ್ರಾಕ್ಷಿ. ಒಂದೊಂದನ್ನೇ ಬಡಿಸುತ್ತಾ ಹೋದೆ. ಬದುಕಿದ್ದಾಗ ಕೈಹಿಡಿದು ತಪ್ಪಿಸಿದ್ದನ್ನೆಲ್ಲ ತಂದು ಅವಳ ಫೋಟೋದ ಮುಂದೆ ಗುಡ್ಡೆ ಹಾಕುತ್ತಿದ್ದೆವು. ಷೋಕೇಸಿನಿಂದ ಯಾರೋ ಒಂದು ಮಾಲ್ಟ್ ಡಬ್ಬಿಯನ್ನೂ ತಂದಿಟ್ಟರು.

"ಎಳ್ನೀರೆಲ್ಲಿ? ಎಳ್ನೀರು ಮಡಗ್ರವ್ವ. ನನ್ನ ಕೂಸು ಕೊನೇಗೆ ಕುಡಿದದ್ದು ಅದನ್ನೇ" ಎಂದಳು ಅವ್ವ. ಅಣ್ಣ ಊರಿನಿಂದ ತಂದಿದ್ದ, ಬಚ್ಚಲ ಮರದ್ದೇ.

ಆಗ ತಂಗಿಯ ಗಂಡನ ಸೋದರತ್ತೆ ಬಾಯಿ ತೆರೆದಳು. ಬಾಯಿ ಸ್ವಲ್ಪ ಜೋರು, ಕೆಟ್ಟವಳಲ್ಲ. "ಅಲ್ಲ ಕಣಕ್ಕ, ಕಿಡ್ನಿ ಓದೋರ್ಗೆ ಎಳ್ನೀರು ಕೊಡಂಗೇ ಇಲ್ಲ ಅಂತಾರಲ್ಲ? ನಮ್ಮ ಬೀಗರ ಕಡೆ ಒಬ್ರಿಗೆ ಡಾಕ್ಟ್ರು ಬಾಯಿಗೆ ಬಂದಂಗೆ ಬೋದ್ರಂತೆ. ನೀನು ಎಂಗೆ ಕೊಟ್ಟೆ?"

ಎಲೆಯ ಸುತ್ತ ಇದ್ದವರ ಕೈಗಳು ನಿಂತವು. ಅವ್ವ ನನ್ನ ಕಡೆ ನೋಡಲಿಲ್ಲ. ನಾನು ಹಿಂದೆ ಹೇಳಿದ್ದು ಅವಳಿಗೆ ನೆನಪಾಯಿತೋ ಇಲ್ಲವೋ. ಬಾಗಿಲಿಗೆ ಒರಗಿ ನಿಂತಿದ್ದ ಮೊಮ್ಮಗಳ ಕಡೆ ತಿರುಗಿದಳು.

"ಅಂಗಾ ಮಗಾ? ನೀನು ಓದೋಳು. ನೀನು ಯೋಳು. ಅಂಗಾ?"

ಹುಡುಗಿ ಅಜ್ಜಿಯನ್ನು ನೋಡುತ್ತಾ ನಿಂತಳು. ನಾನು ಬಡಿಸುವ ಸೌಟು ಹಿಡಿದುಕೊಂಡಿದ್ದೆ. ಅದನ್ನು ಕೆಳಗಿಡಬೇಕೆಂದೂ ತಿಳಿಯಲಿಲ್ಲ.  ಹುಡುಗಿ ಮೂಲೆಗೆ ಹೋಗಿ, ಚೀಲದಿಂದ ಒಂದು ಎಳನೀರು ತೆಗೆದು, ಮಚ್ಚು ಎತ್ತಿಕೊಂಡಳು. ಅವಳಿಗೆ ಕೊಚ್ಚಿ ಅಭ್ಯಾಸವಿಲ್ಲ. ಸಿಪ್ಪೆ ಅಡ್ಡಾದಿಡ್ಡಿ ಹಾರಿತು. ಕೊಚ್ಚುತ್ತಲೇ ಮಾತಾಡಿದಳು.

"ಅದು ಬೇರೆ ಥರದ ಕಾಯಿಲೆ ಇರೋರಿಗೆ ಅಜ್ಜಿ. ಅಮ್ಮಂಗೆ ಅದರಿಂದ ಏನೂ ಆಗ್ಲಿಲ್ಲ. ಆಸ್ಪತ್ರೆಗೆ ಹೋಗೋದು ತಪ್ಪಿಸ್ಬಿಟ್ಲಲ್ಲ, ಅದಕ್ಕೆ ಆಗಿದ್ದು. ಡಾಕ್ಟ್ರೇ ಹೇಳಿದ್ರು. ಬೇಕಾದ್ರೆ ದೊಡ್ಡಮ್ಮನ್ನ ಕೇಳು."

"ಹೌದು" ಎಂದೆ.

"ನೋಡ್ದಾ?" ಎಂದು ಅವ್ವ ಸೋದರತ್ತೆಗೆ ಹೇಳಿದಳು. ಆದರೆ ಅವಳ ಕಣ್ಣು ಮೊಮ್ಮಗಳ ಮೇಲೆಯೇ ಇತ್ತು.

ಹುಡುಗಿ ಎಳನೀರನ್ನು ಎಡೆಯ ಮುಂದೆ ಇಟ್ಟಳು. ಪೂಜೆಯಾಗಿ, ಹೋದವರು ಬಂದು ಉಣ್ಣಲೆಂದು ಬಾಗಿಲು ಹಾಕಿ ಹೊರಗೆ ಕೂತು, ಮತ್ತೆ ತೆರೆದ ಮೇಲೆ ಎಡೆಯಲ್ಲಿದ್ದದ್ದನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನಬೇಕು. ಅವ್ವ ಎಳನೀರಿನ ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ ಮೊಮ್ಮಗಳ ಮುಂದೆ ಹಿಡಿದಳು. ಅವಳು ತೆಗೆದುಕೊಂಡಳು. ಒಂದೇ ಉಸಿರಿಗೆ ಕುಡಿದಳು. ಕುಡಿದು, ಅಜ್ಜಿಯ ತೊಡೆಯ ಮೇಲೆ ಮುಖ ಇಟ್ಟಳು. ತಾಯಿ ಹೋದ ಮೇಲೆ ಆ ಹುಡುಗಿ ದನಿ ತೆಗೆದು ಅತ್ತದ್ದು ಆಗಲೇ. ಅವ್ವ ಅವಳ ಜಡೆ ಬಿಚ್ಚಿ, ಬೆರಳಲ್ಲಿ ಕೂದಲು ಬಿಡಿಸುತ್ತಾ ಕೂತಳು. 

ನಾನು ಶಾಲೆಗೆ ಹಿಂದಿರುಗಿದೆ. ಹಲಗೆಯ ಮೇಲೆ ಕಿಡ್ನಿಯ ಚಿತ್ರ ಬರೆಯುವ ಪಾಠ ಬಂತು, ಬರೆದೆ, ಮುಗಿಸಿದೆ. ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ. ಅವಳೊಮ್ಮೆ ನನ್ನನ್ನು, "ನಾನು ಸುಳ್ಳು ಹೇಳಿದ್ದು ತಪ್ಪಾ ದೊಡ್ಡಮ್ಮ?" ಎಂದು ಕೇಳಿದಳು. ನನಗೂ ಗೊತ್ತಿಲ್ಲ ಎಂದೆ. ಅದು ನಿಜ.

ಒಂದನ್ನು ನಾನು ಗಮನಿಸಿದ್ದೇನೆ. ತಿಥಿಯ ದಿನ ಆದ ಮೇಲೆ ಅವ್ವ ಆ ಮಾತನ್ನು ಯಾರಿಗೂ ಹೇಳಿಲ್ಲ. ಆಮೇಲೂ ಜನ ಬಂದರು, ಚಾಪೆಯ ಮೇಲೆ ಕೂತರು, ಅವಳು ಅತ್ತಳು. ಕೈಯಾರ ಕೊಚ್ಚಿ ಕೊಟ್ಟೆ ಎಂದು ಮಾತ್ರ ಹೇಳಲಿಲ್ಲ. ಹಳ್ಳಿಗೆ ಮರಳಿದ್ದವಳು ದೀಪಾವಳಿಗೆ ಮೊಮ್ಮಗಳನ್ನು ನೋಡಲು ಹೊಳೆನರಸೀಪುರಕ್ಕೆ ಬಂದಳು. ಚೀಲದಲ್ಲಿ ಹುರುಳಿಕಾಳು, ಅವರೆಕಾಯಿ, ಹುಡುಗಿಗೆ ಒಂದು ಜೊತೆ ಬಳೆ. ನಾನು ಚೀಲದ ತಳದವರೆಗೂ ತೆಗೆದು ನೋಡಿದೆ. ಎಳನೀರು ಇರಲಿಲ್ಲ.

ಮೊನ್ನೆ ಅಣ್ಣ ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ ಹೇಳಿದ. "ಬಚ್ಚಲ ಮರದಾಗೆ ಗೊನೆ ಗೊನೆ ಅವೆ ಕಣವ್ವ. ಎಳ್ನೀರು ಕೀಳ್ಸಾನ ಅಂದ್ರೆ ಅವ್ವ ಮುಟ್ಟಾಕೆ ಬುಡಾಕಿಲ್ಲ. ಬಲಿತು ತಾನಾಗೇ ಬೀಳ್ಲಿ ಅಂತಾಳೆ."